ಮೂರೂವರೆ ಗಂಟೆಯ ಲೆಕ್ಕ

ಕರೆಂಟು ಹೋದಾಗ ಶನಿವಾರ ಮಧ್ಯಾಹ್ನ ಎರಡೂಕಾಲು. ಬಂಗಾರಪೇಟೆಯ ಕಾಲೇಜಿನಲ್ಲಿ ಅರ್ಧ ದಿನದ ಪಾಠ ಮುಗಿಸಿ, ರೈಲಿನಲ್ಲಿ ಹಳೆಯ ಚಿನ್ನದ ಗಣಿಯ ಊರಾದ ಊರಿಗಾಂಗೆ ಬಂದು, ಅಪ್ಪನಿಗೆ ಅನ್ನ ಕಲಸಿಕೊಡುತ್ತಿದ್ದೆ. ಬೆಳಗಿನಿಂದ ವಿಪರೀತ ಸೆಕೆ ಇತ್ತು. ಈಗ ಒಮ್ಮೆಲೇ ಗಾಳಿ ಎದ್ದು ಛಾವಣಿಯ ಶೀಟಿನ ಮೇಲೆ ದಪ್ಪ ಹನಿಗಳು ಬೀಳತೊಡಗಿದವು. ಗಣಿಯವರಿಗೆಂದು ಕಟ್ಟಿದ ಮನೆಗಳ ಸಾಲಾದ ನಮ್ಮ ಲೈನಿನ ಆಚೆ ಎಲ್ಲೋ ಮರವೊಂದು ಮುರಿದು ಬಿದ್ದ ಸದ್ದು ಕೇಳಿಸಿತು. ದೀಪ ಒಮ್ಮೆ ಮಿಟುಕಿತು. ಮೂಲೆಯಲ್ಲಿದ್ದ ಇನ್ವರ್ಟರು ಟಕ್ಕೆಂದು ಸದ್ದು ಮಾಡಿ ಗುಂಯ್‌ಗುಡತೊಡಗಿತು. ಅಪ್ಪನ ಮಂಚದ ಪಕ್ಕದ ಆಕ್ಸಿಜನ್ ಮಿಷನ್ನು ಒಂದು ಸಲ ಕೂಗಿ ಮತ್ತೆ ಎಂದಿನಂತೆ ಓಡಿತು.

"ಓಯ್ತಾ?" ಅಂದ ಅಪ್ಪ.

"ಓಯ್ತು. ಬತ್ತದೆ ಬಿಡು. ನೀನು ಉಣ್ಣು," ಅಂದೆ. ಮನೆಯಲ್ಲಿ ನಾನು ಅಪ್ಪನ ಮಾತನ್ನೇ ಆಡುತ್ತೇನೆ. ಕಾಲೇಜಿನ ಕನ್ನಡ ಚಪ್ಪಲಿಯ ಜೊತೆ ಬಾಗಿಲಲ್ಲೇ ಉಳಿಯುತ್ತದೆ.

ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯೊಂದರಿಂದ ಹದಿನೆಂಟನೆಯ ವಯಸ್ಸಿಗೆ ಗಣಿ ಕೆಲಸಕ್ಕೆ ಬಂದವನು. ಮೊದಲ ಹದಿನಾಲ್ಕು ವರ್ಷ ನೆಲದ ಕೆಳಗೆ ಬಂಡೆ ಕೊರೆದ. ಆಮೇಲೆ ಪರೀಕ್ಷೆ ಬರೆದು, ಆಳುಗಳನ್ನು ಕೆಳಗಿಳಿಸುವ ಮತ್ತು ಮೇಲೆತ್ತುವ ದೊಡ್ಡ ರಾಟೆಯ ಯಂತ್ರ ನಡೆಸುವವನಾದ. ಆದರೆ ಆ ಹದಿನಾಲ್ಕು ವರ್ಷದ ಕಲ್ಲಿನ ದೂಳು ಎದೆಯೊಳಗೇ ಕೂತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಅದು ಶ್ವಾಸಕೋಶವನ್ನು ಗಟ್ಟಿಮಾಡುತ್ತ ಬಂತು. ಈಗ ಎರಡು ವರ್ಷದಿಂದ ಮೂಗಿಗೆ ಸಣ್ಣ ಕೊಳವೆ, ಪಕ್ಕದಲ್ಲಿ ಈ ಮಿಷನ್ನು. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಅದರೊಳಗಿನ ಆಮ್ಲಜನಕವನ್ನು ಬೇರೆಮಾಡಿ ಕೊಡುತ್ತದೆ. ಅದು ನಿಂತರೆ ಅಪ್ಪ ಹತ್ತು ನಿಮಿಷ ಕೂಡ ನೆಮ್ಮದಿಯಾಗಿರಲಾರ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ.

ನಮ್ಮಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹೋಗಿ ಬರುತ್ತದೆ. ಆದರೂ ಅಭ್ಯಾಸಬಲದಿಂದ ನಮ್ಮ ಕಡೆಯ ಲೈನ್‌ಮನ್‌ಗೆ ಫೋನು ಮಾಡಿದೆ. ಅವನು ಎತ್ತುವ ಹೊತ್ತಿಗೆ ಅತ್ತ ಕಡೆಯಿಂದಲೂ ಮಳೆಯ ಸದ್ದು.

"ಮೇಡಂ, ಮೂರು ಕಂಬ ಮಲ್ಕಂಡವೆ. ತಂತಿ ಎಲ್ಲಾ ರೋಡ್ ಮ್ಯಾಗೆ. ಮಳೆ ನಿಲ್ಲದೆ ಯಾರೂ ಮುಟ್ಟಂಗಿಲ್ಲ."

"ಎಷ್ಟೊತ್ತಾಗ್ತದೆ?"

"ಸಂಜೆ ಏಳೋ ಎಂಟೋ. ಇಲ್ಲಾಂದ್ರೆ ನಾಳೆನೇ. ಸುಳ್ಳು ಯಾಕೇಳ್ಲಿ?"

ಫೋನಿಟ್ಟ ಮೇಲೆ ಕೈಯ ಅನ್ನ ಒಣಗುತ್ತಿರುವುದು ಗಮನಕ್ಕೆ ಬಂತು. ಹೋಗಿ ತೊಳೆದುಕೊಂಡೆ.

ಇಂಥ ಹೊತ್ತಿಗೆಂದೇ ಮನೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಇದೆ. ಅದು ಬಾಗಿಲ ಹಿಂದೆ ನಿಂತಿತ್ತು, ಖಾಲಿ. ಹದಿನೈದು ದಿನದ ಹಿಂದೆ ಕರೆಂಟು ಹೋದಾಗ ಖರ್ಚಾಗಿತ್ತು. ಬಂಗಾರಪೇಟೆಗೆ ಒಯ್ದು ತುಂಬಿಸಿಕೊಂಡು ಬರಬೇಕು. ಅದನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಆಟೋ ಮಾಡಬೇಕು. ಈ ವಾರ ಟೆಸ್ಟು, ಮುಂದಿನ ವಾರ ನೋಡೋಣ ಎಂದು ನಾನೇ ಮುಂದೂಡುತ್ತ ಬಂದಿದ್ದೆ. ಹೋಗಿ ವಾಲ್ವ್ ತಿರುಗಿಸಿ ನೋಡಿದೆ. ಖಾಲಿ ಎಂದು ಗೊತ್ತಿದ್ದೂ ನೋಡಿದೆ. ಮುಳ್ಳು ಸೊನ್ನೆಯ ಮೇಲೆ ಕೂತಿತ್ತು.

ಉಳಿದದ್ದು ಇನ್ವರ್ಟರ್ ಒಂದೇ.

ಆವತ್ತು ಬೆಳಿಗ್ಗೆ ಮೊದಲ ಪಿಯುಸಿ ಮಕ್ಕಳಿಗೆ ನಾನು ಮಾಡಿದ್ದು ಕೆಲಸ, ಶಕ್ತಿ, ಸಾಮರ್ಥ್ಯದ ಪಾಠ. ಪ್ರತಿ ವರ್ಷ ಹೇಳುವುದನ್ನೇ ಹೇಳಿದ್ದೆ. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯನ್ನು ಒಬ್ಬ ಓಡಿ ಹತ್ತುತ್ತಾನೆ, ಅಷ್ಟೇ ತೂಕದ ಇನ್ನೊಬ್ಬ ನಿಧಾನವಾಗಿ ಹತ್ತುತ್ತಾನೆ; ತಮ್ಮ ಭಾರವನ್ನು ಮೇಲಕ್ಕೊಯ್ಯಲು ಇಬ್ಬರೂ ಮಾಡಿದ ಕೆಲಸ ಒಂದೇ, ಖರ್ಚಾದ ಶಕ್ತಿ ಅಷ್ಟೇ, ಬೇರೆಯಾದದ್ದು ಎಷ್ಟು ಬೇಗ ಮಾಡಿದರು ಎನ್ನುವುದು. ಆ ಬೇಗಕ್ಕೆ ಸಾಮರ್ಥ್ಯ ಎಂದು ಹೆಸರು, ಅದನ್ನು ಅಳೆಯುವುದು ವ್ಯಾಟ್‌ನಲ್ಲಿ. ಕೂಡಿಟ್ಟ ಶಕ್ತಿ ಎಷ್ಟಿದೆ, ಸೆಕೆಂಡಿಗೆ ಎಷ್ಟು ಖರ್ಚಾಗುತ್ತಿದೆ ಗೊತ್ತಿದ್ದರೆ ಎಷ್ಟು ಹೊತ್ತು ಬರುತ್ತದೆ ಎಂದು ಹೇಳಬಹುದು. ಭಾಗಾಕಾರ, ಅಷ್ಟೇ. ಮಕ್ಕಳು ಆಕಳಿಸುತ್ತ ಬರೆದುಕೊಂಡಿದ್ದರು.

ಈಗ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ನಾನೂ ಅದೇ ಭಾಗಾಕಾರ ಮಾಡಿದೆ. ಬ್ಯಾಟರಿಯ ಮೇಲೆ ಹನ್ನೆರಡು ವೋಲ್ಟ್, ನೂರೈವತ್ತು ಆಂಪಿಯರ್-ಗಂಟೆ ಎಂದಿತ್ತು. ಗುಣಿಸಿದರೆ ಸಾವಿರದ ಎಂಟುನೂರು ವ್ಯಾಟ್-ಗಂಟೆ. ಇನ್ವರ್ಟರು ನುಂಗುವುದು, ತಳದಲ್ಲಿ ಉಳಿಯುವುದು ಎಂದು ಐದರಲ್ಲಿ ಒಂದು ಪಾಲು ಕಳೆದೆ. ಮಿಷನ್ನಿನ ಬೆನ್ನಿನ ಮೇಲೆ ಮುನ್ನೂರೈವತ್ತು ವ್ಯಾಟ್ ಎಂದು ಬರೆದಿತ್ತು. ಹುಷಾರಿಗೆ ನಾನೂರು ಎಂದುಕೊಂಡೆ. ಮೂರೂವರೆ ಗಂಟೆಯ ಮೇಲೆ ಸ್ವಲ್ಪ ಬಂತು. ಎರಡೂಕಾಲಿಗೆ ಮೂರೂವರೆ ಸೇರಿಸಿದರೆ ಐದೂಮುಕ್ಕಾಲು. ಲೈನ್‌ಮನ್ ಹೇಳಿದ್ದು ಏಳೋ ಎಂಟೋ.

ಫ್ರಿಜ್ಜು ಇನ್ವರ್ಟರಿಗೆ ಸೇರಿಲ್ಲ ಎಂದು ಗೊತ್ತಿದ್ದರೂ ಅದರ ಪ್ಲಗ್ ಕಿತ್ತೆ. ಅಡಿಗೆಮನೆಯ ಲೈಟು, ಟಿವಿ, ಫ್ಯಾನು, ಎಲ್ಲ ಆರಿಸಿದೆ. ಫೋನ್ ಚಾರ್ಜರಿನ ಪುಟ್ಟ ಕೆಂಪು ದೀಪವನ್ನೂ ಬಿಡಲಿಲ್ಲ. ಬೀಸಣಿಗೆ ತಂದು ಅಪ್ಪನ ಪಕ್ಕ ಕೂತೆ.

"ಏನ್ ಪಾಪ, ಮನೆ ಎಲ್ಲಾ ಕತ್ಲು ಮಾಡ್ದೆ?" ಅಂದ. ನನಗೆ ನಲವತ್ತಮೂರು. ಅವನಿಗೆ ಇನ್ನೂ ಪಾಪ.

"ಸುಮ್ಕೆ. ಬ್ಯಾಟ್ರಿ ಉಳೀಲಿ ಅಂತ."

ಅವನು ನನ್ನ ಮುಖ ನೋಡಿದ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಪುಟ್ಟ ಮೀಟರನ್ನು ತಾನೇ ತಲೆದಿಂಬಿನ ಕೆಳಗಿನಿಂದ ತೆಗೆದು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿಸಿದ. ಕನ್ನಡಕವಿಲ್ಲದೆ ಅವನಿಗೆ ಓದಲಾಗುವುದಿಲ್ಲ.

"ಎಷ್ಟೈತೆ?"

"ತೊಂಬತ್ತೆರಡು. ಚೆನ್ನಾಗೈತೆ."

ನೂರೆಂಟಕ್ಕೆ ಫೋನು ಮಾಡಿದೆ. ಆಂಬುಲೆನ್ಸ್ ಹೊರಟಿತು. ಇಪ್ಪತ್ತು ನಿಮಿಷದ ಮೇಲೆ ಡ್ರೈವರೇ ಫೋನು ಮಾಡಿದ. ನಮ್ಮ ಲೈನಿಗೆ ತಿರುಗುವ ರಸ್ತೆಗೆ ಅಡ್ಡಲಾಗಿ ದೊಡ್ಡ ಮರ ಬಿದ್ದಿದೆ, ಅದರ ಮೇಲೆ ತಂತಿ ಇದೆ, ಕರೆಂಟಿನವರು ಬಂದು ನೋಡುವವರೆಗೆ ದಾಟಲಾಗುವುದಿಲ್ಲ ಎಂದ. "ಪೇಷಂಟನ್ನ ಮರದತ್ರ ತಂದುಬಿಡ್ತೀರಾ ಮೇಡಂ? ಇಲ್ಲೇ ನಿಂತಿರ್ತೀನಿ," ಎಂದೂ ಕೇಳಿದ. ಮನೆಯಿಂದ ಅಲ್ಲಿಗೆ ಕಾಲು ಮೈಲಿ. ಮಿಷನ್ನಿಲ್ಲದೆ, ಆ ಮಳೆಯಲ್ಲಿ, ತಂತಿ ಬಿದ್ದ ರಸ್ತೆಯಲ್ಲಿ ಅಪ್ಪನನ್ನು ಎತ್ತಿಕೊಂಡು ಹೋಗುವುದನ್ನು ನೆನೆಸಿಕೊಂಡೆ. ಆಗುವುದಿಲ್ಲ ಅಂದೆ. ಹಾಗೆ ಹೇಳಿದ್ದು ಸರಿಯೋ ತಪ್ಪೋ ಎಂದು ಮುಂದಿನ ಒಂದು ಗಂಟೆ ನನ್ನ ತಲೆ ತಿನ್ನುತ್ತಲೇ ಇತ್ತು.

ಭಯ ನನಗೆ ಹೊಸದೇನಲ್ಲ. ಲೈನಿನಲ್ಲಿ ಬೆಳೆದ ಯಾರಿಗೂ ಹೊಸದಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೈರನ್ ಕೂಗಿದರೆ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಅಮ್ಮ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ನಿಂತಿರುತ್ತಿದ್ದಳು. ಆದರೆ ಆ ಭಯವನ್ನು ಹಂಚಿಕೊಳ್ಳಲು ಇಡೀ ಸಾಲು ಇರುತ್ತಿತ್ತು. ಈ ಸಲ ಕತ್ತಲ ಕೋಣೆಯಲ್ಲಿ ನಾನೊಬ್ಬಳೇ ಇನ್ವರ್ಟರಿನ ಸದ್ದು ಕೇಳುತ್ತ ಕೂತಿದ್ದೆ. ಅಪ್ಪ ಇದ್ದ, ಆದರೆ ಅವನಿಗೆ ಹೇಳುವಂತಿರಲಿಲ್ಲ.

ನಾನು ಪಿಯುಸಿ ಓದುವಾಗ ಅಪ್ಪ ಒಂದು ಸಂಗತಿ ಹೇಳಿದ್ದ. ಆಳುಗಳು ತುಂಬಿದ ಲಿಫ್ಟಿನ ಪಂಜರ ಗಣಿಯ ಬಾವಿಯಲ್ಲಿ ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಯಿತು. ಬ್ರೇಕು ತಾನಾಗಿಯೇ ಹಿಡಿದುಕೊಂಡಿತು. ಆದರೂ ಅಪ್ಪ ಬ್ರೇಕಿನ ಹಿಡಿಯನ್ನು ಒತ್ತಿಹಿಡಿದು, ಕರೆಂಟು ಬರುವವರೆಗೆ ಅಲ್ಲಾಡದೆ ಕೂತಿದ್ದನಂತೆ. ಕೈ ಬಿಡಿಸಲು ಇನ್ನೊಬ್ಬ ಬರಬೇಕಾಯಿತಂತೆ. ನಾನು ಆಗಷ್ಟೇ ಪಾಠ ಕಲಿತವಳು. "ಅಪ್ಪ, ಅಷ್ಟೊತ್ತು ನೀನು ಮಾಡಿದ ಕೆಲಸ ಸೊನ್ನೆ. ಬಲ ಹಾಕಿದರೂ ಏನೂ ಜರುಗಲಿಲ್ಲ. ಏನೂ ಜರುಗದಿದ್ದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ," ಅಂದೆ. ಅವನು, "ಸೊನ್ನೆನಾ? ಸರಿ ಬಿಡು. ಆ ಸೊನ್ನೆ ಮಾಡೋಕೇ ನಂಗೆ ಸಂಬ್ಳ ಕೊಡ್ತಿದ್ರು," ಅಂದಿದ್ದ. ಅಮ್ಮ ಒಲೆಯ ಮುಂದೆ ಕೂತು ನಕ್ಕಿದ್ದಳು.

ಅಪ್ಪ ಈಗ ಮಾಡುತ್ತಿದ್ದ ಕೆಲಸ ಸೊನ್ನೆಯಲ್ಲ. ಉಸಿರೆಳೆದಾಗ ಪಕ್ಕೆಲುಬುಗಳು ಮೇಲೇಳುತ್ತಿದ್ದವು, ಕತ್ತಿನ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು. ನಮಗೆ ಉಸಿರಾಟ ಕೆಲಸವೆಂದೇ ಅನ್ನಿಸುವುದಿಲ್ಲ. ಗಟ್ಟಿಯಾದ ಶ್ವಾಸಕೋಶವನ್ನು ಪ್ರತಿ ಸಲ ಹಿಗ್ಗಿಸುವುದು ಮೂಟೆ ಹೊರುವ ಹಾಗೆ. ಅವನು ದಿನಕ್ಕೆ ಎಷ್ಟು ಸಾವಿರ ಸಲ ಅದನ್ನು ಹೊರುತ್ತಿದ್ದಾನೆ ಎಂದು ಆ ಮಧ್ಯಾಹ್ನ ಮೊದಲ ಬಾರಿ ಕೂತು ನೋಡಿದೆ.

ಮೂರು ಇಪ್ಪತ್ತೈದಕ್ಕೆ ಇನ್ವರ್ಟರು ಕೂಗಿತು.

ಮೊದಲು ನನಗೆ ಅರ್ಥವಾಗಲಿಲ್ಲ. ಕರೆಂಟು ಬಂತೇನೋ ಎಂದುಕೊಂಡೆ. ಹೋಗಿ ನೋಡಿದರೆ ಬ್ಯಾಟರಿ ಮುಗಿಯುತ್ತಿದೆ ಎಂದು ತೋರಿಸುವ ಕೆಂಪು ದೀಪ. ಒಂದು ಗಂಟೆ ಹತ್ತು ನಿಮಿಷವಷ್ಟೇ ಆಗಿತ್ತು. ನನ್ನ ಲೆಕ್ಕದಲ್ಲಿ ಇನ್ನೂ ಎರಡು ಗಂಟೆಯ ಮೇಲೆ ಉಳಿದಿರಬೇಕಿತ್ತು. ಫೋನಿನ ಬೆಳಕು ಬಿಟ್ಟು ಬ್ಯಾಟರಿಯ ಮುಚ್ಚಳಗಳನ್ನು ನೋಡಿದೆ. ಒಳಗೆ ನೀರಿದ್ದರೆ ಮೇಲೆದ್ದು ತೋರುವ ಆರು ಕಡ್ಡಿಗಳಲ್ಲಿ ನಾಲ್ಕು ಪಾತಾಳಕ್ಕಿಳಿದಿದ್ದವು. ಬ್ಯಾಟರಿಗೆ ನೀರು ಹಾಕಿ ಎಷ್ಟು ತಿಂಗಳಾಯಿತೋ ನೆನಪಾಗಲಿಲ್ಲ. ಒಣಗಿದ ಬ್ಯಾಟರಿಯ ಮೇಲೆ ಏನು ಬರೆದಿದ್ದರೇನು? ಮೇಲೆ ಬರೆದದ್ದು ಹೊಸದಾಗಿದ್ದಾಗಿನ ಮಾತು. ಅದನ್ನು ನಂಬಿ ನಾನು ಒಂದು ಗಂಟೆ ಬೀಸಣಿಗೆ ಬೀಸುತ್ತ ಕೂತಿದ್ದೆ.

ಈಗ ನೀರು ಸುರಿದರೂ ಉಪಯೋಗವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಡಿಸ್ಟಿಲ್ಡ್ ವಾಟರಿನ ಬಾಟಲಿಗಾಗಿ ಕೈ ತಡಕಾಡುತ್ತಲೇ ಇತ್ತು.

"ಪಾಪ," ಅಪ್ಪ ಕರೆದ. "ಎಷ್ಟೈತೆ ನೋಡು."

ತೊಂಬತ್ತೊಂದು. "ಅಪ್ಪ, ನಾನು ಅಕ್ಕನ ಕರ್ಕೊಂಡು ಬತ್ತೀನಿ. ಒಂದೇ ನಿಮಿಷ," ಅಂದೆ.

ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡಲಿಲ್ಲ. "ಇನ್ನೊಂದ್ ಸಲ ನೋಡು."

ಮತ್ತೆ ನೋಡಿದೆ. ಅದೇ ತೊಂಬತ್ತೊಂದು. ಕೈ ಬಿಡಿಸಿಕೊಂಡು ಮಳೆಗೆ ಓಡಿದೆ.

ಅಕ್ಕ ಎಂದರೆ ಎದುರು ಮನೆಯ ಹೆಂಗಸು. ಗಂಡ ಹೆಂಡತಿ ಸೇರಿ ಬೆಳಿಗ್ಗೆ ಸ್ಟೇಷನ್ ಹತ್ತಿರ ತಳ್ಳುಗಾಡಿಯಲ್ಲಿ ತಿಂಡಿ ಮಾರುತ್ತಾರೆ. ಮನೆಮಾತು ತಮಿಳು, ನನ್ನ ಜೊತೆ ಕನ್ನಡ, ಅಪ್ಪನ ಜೊತೆ ಎರಡೂ. ನಾನು ಏನು ಹೇಳಿದೆನೋ ಏನು ಕಿರುಚಿದೆನೋ ಗೊತ್ತಿಲ್ಲ. ಆಕೆ ನನ್ನ ಎರಡೂ ಭುಜ ಹಿಡಿದು, "ಟೀಚರಮ್ಮಾ, ಮೆದುವಾ, ನಿದಾನ್ಕೆ ಏಳು ಮಾ. ಏನ್ ಬೇಕು, ಅದ್ನ ಮಾತ್ರ ಏಳು," ಅಂದಳು.

"ಕರೆಂಟು ಬೇಕು ಅಕ್ಕ. ನಾನೂರು ವ್ಯಾಟ್. ಎಲ್ಲಿಂದಾದ್ರೂ."

ನಮ್ಮ ಸಾಲಿನಲ್ಲಿ ಇನ್ವರ್ಟರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಕ್ಕನ ಗಂಡ ಪಕ್ಕದ ಮನೆಯವರ ಆಟೋದ ಬ್ಯಾಟರಿ ಬಿಚ್ಚಿ ತರುತ್ತೇನೆ ಎಂದರು. ತಲೆಯಲ್ಲೇ ಲೆಕ್ಕ ಹಾಕಿದೆ. ಅದು ಹೊಸದಾಗಿದ್ದರೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾರದು. ಆ ದಿನ ನನ್ನ ಲೆಕ್ಕಗಳ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಆದರೂ ಬಾಯಿ ಬಿಟ್ಟು, "ಸಾಲಲ್ಲ ಅಣ್ಣ," ಅಂದೆ.

ಅಕ್ಕ ಆಚೆ ಕೈ ತೋರಿಸಿದಳು. "ಚರ್ಚಲ್ಲಿ ಮೈಕ್‌ಗೆ ಒಂದು ಜನರೇಟರ್ ಇಟ್ಟವ್ರೆ ಅಲ್ವಾ? ಚಿಕ್ಕದು. ಅದು ಸಾಕಾಗ್ತದಾ?"

ಲೈನಿನ ಕೊನೆಯಲ್ಲಿ ಒಂದು ಪುಟ್ಟ ಚರ್ಚಿದೆ. ಭಾನುವಾರ ಕರೆಂಟು ಹೋದರೆ ಅಲ್ಲಿಂದ ಪಟಪಟ ಸದ್ದು ಬರುವುದನ್ನು ನಾನೂ ಕೇಳಿದ್ದೆ. ನನಗೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಅಕ್ಕನ ಗಂಡ ಕೀಲಿ ಇರುವ ಮನೆಗೆ ಓಡಿದರು. ಅಕ್ಕ ಸಾಲಿನ ಬಾಗಿಲು ಬಡಿಯುತ್ತ ಹೋದಳು. ನಾನು ಅಪ್ಪನ ಹತ್ತಿರ ಓಡಿಬಂದೆ.

ಒಳಗೆ ಕಾಲಿಡುತ್ತಿದ್ದಂತೆ ಇನ್ವರ್ಟರಿನ ಗುಂಯ್ ಎನ್ನುವ ಸದ್ದು ನಿಂತಿತು. ಮಿಷನ್ನು ಒಮ್ಮೆ ನಿಟ್ಟುಸಿರಿಟ್ಟು, ಆಮೇಲೆ ಬಿಡದೆ ಕೂಗತೊಡಗಿತು. ಕರೆಂಟಿಲ್ಲದಾಗ ಕೂಗಲೆಂದೇ ಅದರೊಳಗೊಂದು ಸಣ್ಣ ಸೆಲ್ಲು ಇರುತ್ತದೆ. ಕೂಗಲು ಶಕ್ತಿ ಇದೆ, ಉಸಿರು ಕೊಡಲು ಇಲ್ಲ. ಸ್ವಿಚ್ಚು ಒತ್ತಿ ಅದರ ಬಾಯಿ ಮುಚ್ಚಿಸಿದೆ. ಆಗ ಮಳೆಯ ಸದ್ದು ಮತ್ತು ಅಪ್ಪನ ಉಸಿರಿನ ಸದ್ದು ಮಾತ್ರ ಉಳಿದವು.

ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಅವನನ್ನು ಮುಂದಕ್ಕೆ ಬಾಗಿಸಿ, ತೊಡೆಯ ಮೇಲೆ ದಿಂಬಿಟ್ಟು ಕೂರಿಸಿದೆ. ತುಟಿ ಮುಂದೆ ಮಾಡಿ, ದೀಪ ಊದುವಂತೆ ಮೆಲ್ಲಗೆ ಉಸಿರು ಬಿಡಬೇಕು. ನಾನೂ ಎದುರಿಗೆ ಕೂತು ಹಾಗೇ ಬಿಡುತ್ತಿದ್ದೆ. ಎಂಬತ್ತೆಂಟು. ಎಂಬತ್ತಾರು. ಅವನ ಉಗುರುಗಳ ಬಣ್ಣ ಬದಲಾಗುತ್ತಿತ್ತು. ಮಾತಾಡಿದರೆ ಉಸಿರು ಖರ್ಚಾಗುತ್ತದೆಂದು ಕೈಯಲ್ಲೇ ಕೇಳಿದ, ಎಷ್ಟು?

"ಎಂಬತ್ತೊಂಬತ್ತು," ಅಂದೆ. ಮೀಟರಿನಲ್ಲಿ ಇದ್ದದ್ದು ಎಂಬತ್ನಾಲ್ಕು. ಅಪ್ಪನಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅದೊಂದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ನಾಲ್ಕು ಜನ ಜನರೇಟರನ್ನು ಹೊತ್ತು ತಂದು ನಮ್ಮ ಜಗುಲಿಯ ಮೇಲಿಟ್ಟ ಸದ್ದು ಕೇಳಿಸಿತು. ಒಳಗೆ ತರಬೇಡಿ, ಹೊಗೆ ಬರುತ್ತದೆ ಎಂದು ಕೂಗಿದೆ. ಮಳೆ ಓರೆಯಾಗಿ ಬರುತ್ತಿತ್ತು, ಯಾರೋ ಗೋಣಿಚೀಲ ಎತ್ತಿ ಹಿಡಿದರು. ಅಕ್ಕ ತಳ್ಳುಗಾಡಿಯ ಬಲ್ಬಿಗೆಂದು ಇಟ್ಟುಕೊಂಡಿದ್ದ ಉದ್ದ ವೈರನ್ನು ಕಿಟಕಿಯೊಳಗಿಂದ ತೂರಿಸಿದಳು. ನಾನು ಮಿಷನ್ನಿನ ಪ್ಲಗ್ ಅದಕ್ಕೆ ಸಿಕ್ಕಿಸಿ ಕಾದೆ.

"ಪೆಟ್ರೋಲ್ ಇಲ್ಲ," ಎಂದಿತು ಹೊರಗಿನಿಂದ ಒಂದು ದನಿ.

ನನ್ನ ಸ್ಕೂಟರಿನ ಕೀಲಿ ಕಿಟಕಿಯಿಂದ ಎಸೆದೆ. ಅಕ್ಕನ ಗಂಡ ಟ್ಯಾಂಕಿಗೆ ಕೊಳವೆ ಇಳಿಸಿ ಬಾಯಿಂದ ಎಳೆದರು. ಒಂದು ಗುಟುಕು ಬಾಯಿಗೇ ಹೋಯಿತು. ಉಗುಳಿ, ಕೆಮ್ಮಿ, ಮತ್ತೆ ಎಳೆದರು. ಎಂಬತ್ತೆರಡು. ಆಮೇಲೆ ಹಗ್ಗ ಎಳೆಯುವ ಸದ್ದು. ಇಂಥ ಜನರೇಟರುಗಳನ್ನು ಹಗ್ಗ ಜಗ್ಗಿ ಎಬ್ಬಿಸಬೇಕು. ಸರ್ರ್ ಎಂದು ಎಳೆದರು. ಅದು ಗೊರಕೆ ಹೊಡೆದು ಸುಮ್ಮನಾಯಿತು. ಮತ್ತೆ ಎಳೆದರು. ಒಬ್ಬರು ಸೋತರೆ ಇನ್ನೊಬ್ಬರು. ಎಂಟನೆಯದೋ ಒಂಬತ್ತನೆಯದೋ ಎಳೆತದವರೆಗೆ ಎಣಿಸಿದೆ, ಆಮೇಲೆ ಎಣಿಸಲಿಲ್ಲ.

ಅಪ್ಪನ ತಲೆ ನನ್ನ ಭುಜಕ್ಕೆ ಒರಗಿತು. ಭಾರವೇ ಇರಲಿಲ್ಲ. ಅವನ ಬೆವರು ತಣ್ಣಗಿತ್ತು. ಎಪ್ಪತ್ತೊಂಬತ್ತು. ನಾನು ಏನೇನೋ ಹೇಳುತ್ತಿದ್ದೆ, ಇನ್ನೊಂದು ನಿಮಿಷ ಅಪ್ಪ, ಊದು, ಮೆಲ್ಲಗೆ ಊದು. ದೇವರನ್ನು ಕರೆದೆನೋ ಇಲ್ಲವೋ ನೆನಪಿಲ್ಲ. ಅವನು ಹೋಗಿಬಿಡುತ್ತಾನೆ, ಬಾಗಿಲಿನಾಚೆ ಮೂರು ಮಾರು ದೂರದಲ್ಲಿ ಇಷ್ಟು ಜನ ಇದ್ದೂ ಹೋಗಿಬಿಡುತ್ತಾನೆ, ಕಾರಣ ಒಂದು ಬಾಟಲಿ ನೀರು ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಜಗುಲಿಯಲ್ಲಿ ಅಕ್ಕನ ದನಿ ಕೇಳಿಸಿತು, ಗಂಡಸರನ್ನು ಬೈಯುವ ದನಿ. "ಪೆಟ್ರೋಲ್ ಕೊಳಾಯಿ ತಿರುಗ್ಸಿದ್ದೀರಾ ಮೊದ್ಲು? ನಮ್ಮ ಸ್ಟವ್‌ಗೇ ತಿರುಗ್ಸ್ಬೇಕು, ಇದಕ್ಕೆ ಬೇಡ್ವಾ?"

ತಿರುಗಿಸಿರಲಿಲ್ಲ. ಟ್ಯಾಂಕಿನ ಕೆಳಗಿನ ಪುಟ್ಟ ಹಿಡಿ ಮುಚ್ಚಿಯೇ ಇತ್ತು. ಅಕ್ಕ ತಿರುಗಿಸಿದಳು. ಎರಡನೆಯ ಎಳೆತಕ್ಕೆ ಜನರೇಟರು ಪಟಪಟನೆ ಎದ್ದಿತು. ಕೋಣೆಯ ಕಿಟಕಿ ಅದರ ಜೊತೆ ಅದುರಿತು.

ಮಿಷನ್ನಿನ ಸ್ವಿಚ್ಚು ಒತ್ತಿದೆ. ಅದು ನಡುಗಿ ಓಡತೊಡಗಿತು. ಆದರೆ ಹಳದಿ ದೀಪ. ಹೊಸದಾಗಿ ಚಾಲೂ ಮಾಡಿದಾಗ ಆಮ್ಲಜನಕ ಸಾಕಷ್ಟು ಗಟ್ಟಿಯಾಗಲು ಕೆಲವು ನಿಮಿಷ ಬೇಕು, ಅಲ್ಲಿಯವರೆಗೆ ಹಳದಿಯೇ. ಅಪ್ಪನ ಮೂಗಿಗೆ ಕೊಳವೆ ಒತ್ತಿಹಿಡಿದು ಆ ದೀಪವನ್ನೇ ನೋಡುತ್ತ ಕೂತೆ. ಜನರೇಟರು ನಡುವೆ ಎರಡು ಸಲ ಮುಗ್ಗರಿಸಿತು. ಎರಡು ಸಲವೂ ಚೇತರಿಸಿಕೊಂಡಿತು. ಅಕ್ಕ ಒದ್ದೆ ಸೀರೆಯಲ್ಲೇ ಬಂದು ಅಪ್ಪನ ಬೆನ್ನಿಗೆ ಕೈಯಿಟ್ಟು ನಿಂತಳು.

ದೀಪ ಹಸಿರಾಯಿತು. ಎಂಬತ್ತೊಂದು, ಎಂಬತ್ತೈದು. ತುಂಬ ಹೊತ್ತಿನ ಮೇಲೆ ತೊಂಬತ್ತು. ಅಪ್ಪ ಕಣ್ಣು ತೆರೆದು, "ಸದ್ದು... ಜಾಸ್ತಿ ಆಯ್ತು," ಅಂದ. ಅಕ್ಕ ನಗುತ್ತ ಅಳತೊಡಗಿದಳು. ನನಗೆ ಎರಡೂ ಬರಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಐದೂವರೆಯ ಹೊತ್ತಿಗೆ ಕರೆಂಟಿನವರು ತಂತಿ ಸರಿಸಿ, ಜನ ಸೇರಿ ಮರ ಕಡಿದು ದಾರಿ ಬಿಡಿಸಿದರು. ಆಂಬುಲೆನ್ಸ್ ಅಷ್ಟು ಹೊತ್ತೂ ಮರದಾಚೆಯೇ ನಿಂತಿತ್ತು. ಜನರೇಟರಿಗೆ ನನ್ನ ಸ್ಕೂಟರಿನ ಪೆಟ್ರೋಲ್ ಮುಗಿದು, ಪಕ್ಕದ ಮನೆಯವರ ಬೈಕಿನದೂ ಅರ್ಧ ಮುಗಿದಿತ್ತು. ಅಪ್ಪ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಎದೆಯಲ್ಲಿ ಸ್ವಲ್ಪ ಕಫ ಕಟ್ಟಿತ್ತು, ಅದು ಬಿಟ್ಟರೆ ಮೊದಲಿದ್ದಂತೆಯೇ ಮನೆಗೆ ಬಂದ. ಅಷ್ಟರಲ್ಲಿ ನಾನು ಹೊಸ ಬ್ಯಾಟರಿ ತಂದಿದ್ದೆ. ತುಂಬಿದ ಸಿಲಿಂಡರುಗಳು ಈಗ ಎರಡು.

ಮನೆಗೆ ಬಂದ ಮರುದಿನ ಅಪ್ಪನ ತಲೆ ಬಾಚುತ್ತಿದ್ದೆ. "ನಂಗೆ ಬಯ ಆಗಿತ್ತು ಪಾಪ," ಅಂದ, ಯಾವ ಪೀಠಿಕೆಯೂ ಇಲ್ಲದೆ.

ಅಪ್ಪ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಣಿಯ ಕತೆಗಳಲ್ಲಿ ಭಯಪಡುವವರು ಯಾವಾಗಲೂ ಬೇರೆಯವರು.

"ನಂಗೂ ಆಗಿತ್ತು ಅಪ್ಪ. ಉಸಿರು ನಿಂತೋಗ್ತದೆ ಅಂತ."

"ಅದಕ್ಕಲ್ಲ. ನೀನು ಆಚೆ ಓದ್ಯಲ್ಲ, ಬರೋದ್ರೊಳ್ಗೆ ನಾನು ಒಬ್ನೇ ಓಗ್ಬುಟ್ರೆ ಅಂತ. ಅದಕ್ಕೇ ನೋಡು ನೋಡು ಅಂತಿದ್ದೆ. ನಂಬರ್ ತಕ್ಕೊಂಡು ನಾನೇನ್ ಮಾಡ್ಲಿ?"

ಅವನು ನನ್ನ ಕೈಯ ಬಾಚಣಿಗೆ ತೆಗೆದುಕೊಂಡು ಉಳಿದ ನಾಲ್ಕು ಕೂದಲನ್ನು ತಾನೇ ಬಾಚಿಕೊಂಡ.

ಮುಂದಿನ ಸೋಮವಾರ ಕಾಲೇಜಿಗೆ ಹೋದೆ. ಬಿಟ್ಟಲ್ಲಿಂದ ಪಾಠ ಶುರು ಮಾಡಬೇಕಿತ್ತು, ಮಕ್ಕಳಿಗೆ ಲೆಕ್ಕ ಕೊಡಬೇಕಿತ್ತು. ಒಂದು ಬ್ಯಾಟರಿ, ಒಂದು ಯಂತ್ರ, ಎಷ್ಟು ಹೊತ್ತು ನಡೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ತಕ್ಷಣ ಉತ್ತರ ಹೇಳಿದಳು. ಸರಿಯಾಗಿತ್ತು. ಬ್ಯಾಟರಿ ಎಷ್ಟು ಹಳೆಯದು ಎಂದು ಕೇಳಿದೆ. ಅವಳು ಪ್ರಶ್ನೆಯನ್ನು ಮತ್ತೊಮ್ಮೆ ಓದಿ, "ಕೊಟ್ಟಿಲ್ಲ ಮಿಸ್," ಅಂದಳು. ಹೌದು, ಪರೀಕ್ಷೆಯಲ್ಲಿ ಕೊಡುವುದಿಲ್ಲ ಎಂದು ಹೇಳಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಅವರಿಗೆ ಹೇಳಿದೆ. ಪೂರ್ತಿ ಹೇಳಲಾಗಲಿಲ್ಲ. ಗಂಟೆ ಹೊಡೆಯಿತು.

ಭಯ ಹೋಗಿಲ್ಲ. ಹೋಗುತ್ತದೆ ಎಂದು ನಾನು ಕಾದದ್ದೂ ಉಂಟು. ಈಗ ಕಾಯುವುದಿಲ್ಲ. ಪಾಠದ ನಡುವೆ ಫ್ಯಾನು ನಿಧಾನವಾದರೆ ಅಂಗೈ ಬೆವರುತ್ತದೆ. ಸಂಜೆಯ ರೈಲಿನಲ್ಲಿ ದೀಪ ಒಮ್ಮೆ ಆರಿ ಹೊತ್ತಿಕೊಂಡರೂ ಸಾಕು, ಅದಕ್ಕೂ ನಮ್ಮ ಲೈನಿನ ಕರೆಂಟಿಗೂ ಸಂಬಂಧವಿಲ್ಲ ಎಂದು ಗೊತ್ತಿದ್ದೂ ಕೈ ಫೋನಿಗೆ ಹೋಗುತ್ತದೆ. ಅಕ್ಕ ಈಗ ನನ್ನ ಫೋನಿಗೆ ಹಲೋ ಅನ್ನುವುದನ್ನೇ ಬಿಟ್ಟಿದ್ದಾಳೆ.

"ಐತೆ ಮಾ, ಕರೆಂಟ್ ಐತೆ," ಅನ್ನುತ್ತಾಳೆ ಎತ್ತಿದ ಕೂಡಲೇ. "ಅಪ್ಪ ಟಿವಿ ನೋಡ್ತಾವ್ರೆ. ನೀನು ಬರ್ತಾ ಕೊತ್ತಂಬ್ರಿ ತಕ್ಕೊಂಡ್ ಬಾ."